ಅಮಾಸಿ ತನಕ ಹೂಡಿ ನೋಡಿದ ಮಶೀನು

ಬೆಟಗೇರಿಯಲ್ಲಿ ನೇಕಾರರ ಓಣಿ ಮುಗಿದು ಗ್ಯಾರೇಜುಗಳು ಶುರುವಾಗುವ ತಿರುವಿಗೆ ಕೊಟ್ರಪ್ಪನ ವೆಲ್ಡಿಂಗ್ ಅಂಗಡಿ. ಎಡಕ್ಕೆ ಕಿವಿ ಕೊಟ್ಟರೆ ಮಗ್ಗದ ಖಟಕ್ ಪಟಕ್, ಬಲಕ್ಕೆ ಕೊಟ್ಟರೆ ಕಡ್ಡಿ ವೆಲ್ಡಿಂಗಿನ ಚರ್ರನೆಯ ಸಪ್ಪಳ. ಅಂಗಡಿಯ ಹಿಂದೆಯೇ ಮನೆ. ಆ ಮನೆಯ ಒಬ್ಬಳೇ ಮಗಳು ಶಿವರಂಜನಿ, ಎಲ್ಲರ ಬಾಯಲ್ಲಿ ರಂಜಿ. ಅವಳ ಅವ್ವ ಶಿರಹಟ್ಟಿಯ ಅಂಗನವಾಡಿಗೆ ದಿನಾ ಮುಂಜಾನೆ ಬಸ್ಸು ಹಿಡಿಯುವವಳಾದ್ದರಿಂದ ರಂಜಿಯನ್ನು ಬೆಳೆಸಿದ್ದು ಅಪ್ಪನ ತಾಯಿ ಸಾವಿತ್ರೆವ್ವ. ರಂಜಿ ಆಕೆಗೆ ಆಯಿ ಅನ್ನುತ್ತಾಳೆ. ಆಯಿ ತುತ್ತಿಗೊಂದು ಕಥೆ ಹೇಳಿ ಉಣ್ಣಿಸಿದವಳು. ಹೀಗಾಗಿ ರೊಟ್ಟಿ ಪಲ್ಯದ ಜೊತೆಗೆ ರಾಕ್ಷಸರೂ ಮಾತಾಡುವ ಗಿಳಿಗಳೂ ರಂಜಿಯ ಹೊಟ್ಟೆ ಸೇರಿಬಿಟ್ಟವು. ಮುಂದೆ ಅವಳು ಗದಗಿನಲ್ಲಿ ಐಟಿಐ ಓದಿ ವೆಲ್ಡರ್ ಆದಳು. ಆದರೂ ಅವು ಹೊರಗೆ ಬರುವ ಲಕ್ಷಣ ಕಾಣಲಿಲ್ಲ.

ಐಟಿಐಯಲ್ಲಿ ಮೊದಲ ಸಲ ಟಿಗ್ ವೆಲ್ಡಿಂಗ್ ನೋಡಿದ ದಿನ ಅವಳಿಗೆ ಅದು ಮಶೀನು ಅನ್ನಿಸಲೇ ಇಲ್ಲ. ಅಪ್ಪನ ವೆಲ್ಡಿಂಗ್ ಅಂದರೆ ಕಿಡಿ, ಹೊಗೆ, ಕೊನೆಗೆ ಸುತ್ತಿಗೆಯಿಂದ ಬಡಿದು ತೆಗೆಯಬೇಕಾದ ಕಪ್ಪು ಹಕ್ಕಳೆ. ಇಲ್ಲಿ ಕಿಡಿಯೂ ಇಲ್ಲ, ರಂಪವೂ ಇಲ್ಲ. ಬಲಗೈಯಲ್ಲಿ ಟಾರ್ಚು, ಅದರ ಮೂತಿಯಲ್ಲಿ ಪೆನ್ಸಿಲಿನ ಹಾಗೆ ಚೂಪು ಮಾಡಿದ ಟಂಗ್‌ಸ್ಟನ್ ಕಡ್ಡಿ. ತಾನು ಮಾತ್ರ ಕರಗದೆ ಎದುರಿದ್ದದ್ದನ್ನೆಲ್ಲ ಕರಗಿಸುವ ಹಟಮಾರಿ ಅದು. ಎಡಗೈಯಲ್ಲಿ ತೆಳ್ಳನೆಯ ಫಿಲ್ಲರ್ ಕಡ್ಡಿ. ಕರಗಿ ಮಿನುಗುವ ಹನಿಗೆ ಅದನ್ನು ಮುಟ್ಟಿಸಿ ಮುಟ್ಟಿಸಿ ತೆಗೆಯಬೇಕು. ಕಾಲ ಕೆಳಗೆ ಪೆಡಲು, ಒತ್ತಿದಷ್ಟು ಉರಿ. ಇಷ್ಟರ ಮೇಲೆ ಕಾಣದ ಕೊಡೆ ಹಿಡಿದು ನಿಂತವನು ಆರ್ಗಾನ್ ಅನ್ನುವ ಗ್ಯಾಸು. ಯಾರ ಜೊತೆಗೂ ಸೇರುವವನಲ್ಲ, ಯಾರ ಗೊಡವೆಗೂ ಹೋಗುವವನಲ್ಲ. ಹೊರಗಿನ ಗಾಳಿ ಬಂದು ಕರಗಿದ ಉಕ್ಕನ್ನು ಕೆಡಿಸದ ಹಾಗೆ ಸುತ್ತುಗಟ್ಟಿ ನಿಲ್ಲುವುದಷ್ಟೇ ಅವನ ಕೆಲಸ. ಇವನು ಶಾಪ ತಗಲಿದ ಸೋಮಾರಿ ರಾಜಕುಮಾರನೇ ಇರಬೇಕೆಂದು ರಂಜಿ ಆ ದಿನವೇ ಮನಸ್ಸಿನಲ್ಲಿ ಬರೆದುಕೊಂಡಳು. ಇಡೀ ಕ್ಲಾಸಿಗೆ ಇದ್ದದ್ದು ಒಂದೇ ಮಶೀನು. ಪಾಳಿ ಬಂದಾಗ ಟಾರ್ಚು ಹಿಡಿದು ಬಿಸಿಯಾಗುವಷ್ಟರಲ್ಲಿ ಪಾಳಿ ಮುಗಿದಿರುತ್ತಿತ್ತು.

ಆಸೆ ಹಾಗೇ ಒಳಗೆ ಕುದಿಯುತ್ತಿರುವಾಗ ಮುಂಡರಗಿಯ ಹನಮಂತವ್ವ ಬಂದಳು. ಮುಂಡರಗಿ ಬಸ್‌ಸ್ಟ್ಯಾಂಡಿನ ಬದಿಗೆ ಚಹಾ ಮಾರುವಾಕೆ. ಅವಳ ನಳವಿರುವ ಸ್ಟೀಲಿನ ಡ್ರಮ್ಮು ನಳದ ಬುಡದಲ್ಲಿ ಸೀಳಿ ಹನಿ ಹನಿ ಸೋರುತ್ತಿತ್ತು. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಬಂದಿದ್ದಳು. ಕಂಡಕ್ಟರು ಡ್ರಮ್ಮಿಗೂ ಟಿಕೆಟ್ ಹರಿದನೆಂಬ ಸಿಟ್ಟು ಇನ್ನೂ ಇಳಿದಿರಲಿಲ್ಲ. ಕೊಟ್ರಪ್ಪ ತಗಡನ್ನು ಬೆರಳಲ್ಲಿ ಮಿಡಿದು ನೋಡಿ ಕೈ ಮುಗಿದ. ಇಷ್ಟು ತೆಳುವಿಗೆ ತನ್ನ ಕಡ್ಡಿ ಮುಟ್ಟಿಸಿದರೆ ಸೋರುವುದು ನಿಂತು ಸುರಿಯುವುದು ಶುರುವಾಗುತ್ತದೆ ಅಂದ. ಗೇಟು, ಗ್ರಿಲ್ಲು, ಟ್ರ್ಯಾಕ್ಟರಿನ ಟ್ರೇಲಿ ಇದ್ದರೆ ತಾ, ಇದು ಮಾತ್ರ ಬ್ಯಾಡ ಅಂದ.

ಹಿಂದೆ ನಿಂತಿದ್ದ ರಂಜಿ ಬಾಯಿ ಹಾಕಿದಳು.

"ಟಿಗ್ ಮಶೀನಿಲೆ ಆಗತೈತ್ರಿ ಅಕ್ಕಾರ. ನಾ ಮಾಡಿ ಕೊಡತೇನಿ."

"ಎಲ್ಲೈತಿ ಆ ಮಶೀನು?"

"ಇನ್ನಾ ತಗೊಂಡಿಲ್ರಿ."

ಹನಮಂತವ್ವ ಅಪ್ಪನ ಮುಖ ನೋಡಿದಳು, ಮಗಳ ಮುಖ ನೋಡಿದಳು, ಡ್ರಮ್ಮನ್ನು ಮತ್ತೆ ಸೊಂಟಕ್ಕೇರಿಸಿದಳು. "ತಗೊಂಡ ಮ್ಯಾಲ ಖಬರ ಕೊಡವಾ ತಂಗಿ. ಅಲ್ಲಿ ತನಕ ಕೆಳಗ ಬಟ್ಟಲ ಇಟ್ಟು ವ್ಯಾಪಾರ ಮಾಡತೇನಿ."

ಆ ಬಟ್ಟಲ ಮಾತು ರಂಜಿಗೆ ಮೂಗಿಗೆ ಏರಿದ ಒಗ್ಗರಣೆಯ ಹಾಗೆ ನಾಟಿತು. ಅವತ್ತಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಇಷ್ಟು ದೊಡ್ಡ ಊರಲ್ಲಿ ಹಾಲಿನ ಕ್ಯಾನುಗಳೆಷ್ಟು, ಖಾನಾವಳಿಯ ಪಾತ್ರೆಗಳೆಷ್ಟು, ಇವೆಲ್ಲ ಸೋರಿದರೆ ಹುಬ್ಬಳ್ಳಿಗೆ ಹೋಗಬೇಕೇ ಅಂತ ಅಪ್ಪನ ಹಿಂದೆ ಹಿಂದೆ ಅಡ್ಡಾಡಿದಳು. ಕೊಟ್ರಪ್ಪನಿಗೆ ಹೊಸದೊಂದು ಪೈಪು ಕತ್ತರಿಸುವ ಮಶೀನು ತರುವ ಮನಸ್ಸಿತ್ತು. ಅಂಗಡಿಯಲ್ಲಿ ಇದ್ದದ್ದು ಒಂದೇ ಮಶೀನಿಡುವ ಜಾಗ. ಕೊನೆಗೆ ಅವನು ಎಂದಿನಂತೆ, ನಿಮ್ಮಜ್ಜನ್ನ ಕೇಳು ಅಂದು ಜಾರಿಕೊಂಡ.

ಅಜ್ಜ, ಆಯಿಯ ಗಂಡ ಉಳವಪ್ಪ, ಹರೆಯದಿಂದ ಮುಪ್ಪಿನವರೆಗೆ ಎತ್ತಿನ ದಲಾಲಿ ಮಾಡಿದವನು. ಲಕ್ಷ್ಮೇಶ್ವರ, ಮುಂಡರಗಿಯ ದನದ ಸಂತೆಗಳಲ್ಲಿ ಅವನು ಬೆನ್ನು ಚಪ್ಪರಿಸಿದ ಎತ್ತನ್ನು ಜನ ಕಣ್ಣು ಮುಚ್ಚಿ ಹೊಡೆದುಕೊಂಡು ಹೋಗುತ್ತಿದ್ದರು. ಮೊಮ್ಮಗಳಿಗೊಂದು ಮಶೀನು ಆರಿಸಬೇಕು ಅಂದಾಗ ಅವನ ಮುಖ ಅರಳಿತು. ಬಿಳಿ ಧೋತರ ಉಟ್ಟು ಹೆಗಲ ಮೇಲೆ ಟವೆಲು ಹಾಕಿ ಸಂತೆಗೆ ಹೊರಟ ಹಾಗೆಯೇ ಹೊರಟ, ಹಿಂದೆ ರಂಜಿ, ಕೊಟ್ರಪ್ಪ.

ಗದಗಿನಲ್ಲಿ ವೆಲ್ಡಿಂಗ್ ಮಶೀನು ಮಾರುವ ಅನೀಸನ ಅಂಗಡಿ. ಅನೀಸ ಮೂರು ಮಶೀನು ತೆಗೆದಿಟ್ಟ. ಒಂದು ಅಡುಗೆಮನೆಯ ಡಬ್ಬಿಯಷ್ಟು ಸಣ್ಣದು. ಟಂಗ್‌ಸ್ಟನ್ನನ್ನು ಕಬ್ಬಿಣಕ್ಕೆ ತಾಗಿಸಿ ಎತ್ತಿದರೆ ಮಾತ್ರ ಉರಿ ಹತ್ತುವಂಥದು. ನಡುವಿನದು ತಾಗಿಸದೆಯೇ ಗುಂಡಿ ಒತ್ತಿದರೆ ಹತ್ತುವಂಥದು, ಜೊತೆಗೆ ಕಾಲ ಪೆಡಲು. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಮೈ ತುಂಬ ಗುಂಡಿ, ಅಲ್ಯೂಮಿನಿಯಮ್ಮನ್ನೂ ಬೆಸೆಯುವಂಥದು. ರಂಜಿಯ ಕಣ್ಣು ನೇರವಾಗಿ ಅದರ ಮೇಲೆ ಹೋಯಿತು. ಅದರಿಂದ ತಾನು ವಿಮಾನದ ರೆಕ್ಕೆ ಬೆಸೆಯುತ್ತಿರುವುದೂ, ವಿಮಾನ ಬೆಟಗೇರಿಯ ಮೇಲೆ ಬಾಗಿ ಸುತ್ತು ಹಾಕಿ ಕೃತಜ್ಞತೆ ಹೇಳುವುದೂ ಆಗಲೇ ಕಂಡುಬಿಟ್ಟಿತು.

ಅಜ್ಜನ ಪರೀಕ್ಷೆ ಬೇರೆ. ಸಣ್ಣದನ್ನು ಒಂದೇ ಕೈಯಲ್ಲಿ ಎತ್ತಿ, ಇದು ಕರು, ನೊಗ ಹೊರಲಾರದು ಅಂತ ಬದಿಗಿಟ್ಟ. ನಡುವಿನದರ ಸುತ್ತ ನಡೆದು ಹಿಂಬದಿಯಲ್ಲಿ ಕೂತು ಕೆಟ್ಟ ಸುಳಿಯೇನಾದರೂ ಇದೆಯೇ ಅನ್ನುವ ಹಾಗೆ ಇಣುಕಿದ. ಚಾಲೂ ಮಾಡಿಸಿ ಅದರ ಫ್ಯಾನಿಗೆ ಕಿವಿ ಹಚ್ಚಿ, ಉಸಿರು ಒಂದೇ ಸಮ ಇದೆ ಅಂದ. ಎಷ್ಟು ತಿನ್ನುತ್ತದೆ, ಎಷ್ಟು ಹೊತ್ತು ದುಡಿದರೆ ದಣಿಯುತ್ತದೆ ಅಂತ ಕೇಳಿದ. ಅನೀಸ ನಗಲಿಲ್ಲ. ಕೇಳಬೇಕಾದ ಮಾತು ಇವೇ ಅಜ್ಜಾರ ಅಂದು, ಎಷ್ಟು ಕರೆಂಟು ಎಳೆಯುತ್ತದೆ, ಎಷ್ಟು ಹೊತ್ತು ಒಂದೇ ಸಮ ವೆಲ್ಡ್ ಮಾಡಿದರೆ ತಣ್ಣಗಾಗಲು ಬಿಡಬೇಕು ಅನ್ನುವುದನ್ನು ಬಿಡಿಸಿ ಹೇಳಿದ. ಆಮೇಲೆ ರಂಜಿಯ ಕಡೆ ತಿರುಗಿ, ಈ ವರ್ಷ ನಿನ್ನ ಅಂಗಡಿಗೆ ಖರೆ ಖರೆ ಏನೇನು ಕೆಲಸ ಬರುತ್ತದೆ ಹೇಳವಾ ಅಂದ.

ವಿಮಾನ ಮೆಲ್ಲಗೆ ಇಳಿಯಿತು. ಚಹಾದ ಡ್ರಮ್ಮು, ಹಾಲಿನ ಕ್ಯಾನು, ಖಾನಾವಳಿಯ ಕಟ್ಟೆ ಅಂದಳು ರಂಜಿ. ಎಲ್ಲ ಸ್ಟೀಲು. ಹಾಗಾದರೆ ದೊಡ್ಡದರ ಅರ್ಧ ಗುಂಡಿಗಳನ್ನು ನೀ ಮುಟ್ಟುವುದೇ ಇಲ್ಲ, ತೆಳು ತಗಡಿಗೆ ಬೇಕಾದದ್ದು ಪೆಡಲು, ಅದು ನಡುವಿನದಕ್ಕಿದೆ ಅಂದ ಅನೀಸ. ರಂಜಿ ದೊಡ್ಡದರ ಬೆನ್ನು ಒಮ್ಮೆ ಸವರಿ ನಡುವಿನದನ್ನು ತೋರಿಸಿದಳು.

ಅನೀಸನ ಅಪ್ಪ ಲಾಡಸಾಬ ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಅವನೂ ಹಿಂದೊಮ್ಮೆ ಲಕ್ಷ್ಮೇಶ್ವರದ ಸಂತೆಯ ದಲಾಲಿಯೇ. ಉಳವಪ್ಪ ಹೋಗಿ ಅವನೆದುರು ಕೂತು ಹೆಗಲ ಟವೆಲು ತೆಗೆದು ಇಬ್ಬರ ಕೈ ಮೇಲೆ ಹಾಕಿದ. ಟವೆಲಿನಡಿ ಬೆಲೆ ಹೇಳುವ ಬೆರಳುಗಳು ಬೆರಳುಗಳನ್ನು ಹಿಡಿದವು, ಬಿಟ್ಟವು, ಮತ್ತೆ ಹಿಡಿದವು. ಇಬ್ಬರೂ ಗೋಡೆ ನೋಡುತ್ತ ಮಳೆಯ ಮಾತಾಡುತ್ತಿದ್ದರು. ಗಿರಾಕಿಗಳು ಕೆಲಸ ಬಿಟ್ಟು ಸುತ್ತ ನೆರೆದರು. ಕೊನೆಗೆ ಟವೆಲು ಎದ್ದಿತು. ಬೆಲೆ ಎಷ್ಟಾಯಿತೋ ಆ ಇಬ್ಬರಿಗೇ ಗೊತ್ತು. ಅಜ್ಜ ಮಾತ್ರ ಸಂತೆಯ ವಾಡಿಕೆಯೊಂದನ್ನು ಬಾಯಿಬಿಟ್ಟು ಹೇಳಿದ: ಹೂಡಿ ನೋಡದೆ ಎತ್ತು ಒಪ್ಪುವ ರೂಢಿ ತನಗಿಲ್ಲ. ಮಣ್ಣೆತ್ತಿನ ಅಮಾಸಿ ತನಕ ಹೂಡಿ ನೋಡುವುದು. ಎಳೆದರೆ ತಮ್ಮದು, ಎಳೆಯದಿದ್ದರೆ ವಾಪಸು. ಲಾಡಸಾಬ ಆತು ಅಂದ. ಕೊಟ್ರಪ್ಪ ಅದಕ್ಕೆ ತನ್ನದೊಂದು ಗಂಟು ಹಾಕಿದ: ವಾಪಸು ಬಂದರೆ ಆ ಜಾಗಕ್ಕೆ ಪೈಪು ಕತ್ತರಿಸುವ ಮಶೀನು ಬರುತ್ತದೆ, ಮತ್ತೆ ಟಿಗ್ ಅನ್ನುವ ಮಾತಿಲ್ಲ. ಎಳೆಯಿತು ಅನ್ನಲು ಗುರುತು ಯಾವುದು ಅಂದರೆ ಹನಮಂತವ್ವನ ಡ್ರಮ್ಮು.

ಮನೆಗೆ ಬಂದ ಮಶೀನನ್ನು ಆಯಿ ಹೊಸ್ತಿಲಲ್ಲೇ ನಿಲ್ಲಿಸಿ ಆರತಿ ಎತ್ತಿದಳು. ಕಾಯಿ ಒಡೆದಳು. ಮೂರು ಬೆರಳಿಂದ ಅದರ ಹಣೆಗೆ ವಿಭೂತಿ ಎಳೆದಳು. ಮಾರನೆಯ ದಿನದಿಂದ ಅದು ನಿತ್ಯದ ಪೂಜೆಯ ಸಾಲಿಗೆ ಸೇರಿತು. ರಂಜಿ ಅವ್ವನನ್ನು ಸ್ಕೂಟಿಯಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರುವಷ್ಟರಲ್ಲಿ ಆಯಿ ಜಗಲಿಯ ದೇವರು, ಬಾಗಿಲ ತುಳಸಿ, ಅಂಗಡಿಯ ಮಶೀನು, ಎಲ್ಲ ಮುಗಿಸಿ ಜಳಕದ ಒದ್ದೆ ಕೂದಲು ಆರಿಸುತ್ತ ಕೂತಿರುತ್ತಿದ್ದಳು.

ಕಲಿಕೆ ಶುರುವಾಯಿತು. ಮೊದಮೊದಲ ತಪ್ಪುಗಳೆಲ್ಲ ರಂಜಿಯವೇ. ಕೈ ಒಂದು ಕೂದಲೆಳೆ ಇಳಿದರೂ ಟಂಗ್‌ಸ್ಟನ್ನಿನ ಮೂತಿ ಕರಗಿದ ಹನಿಯಲ್ಲಿ ಅದ್ದಿ ಗಂಟು ಕಟ್ಟುತ್ತಿತ್ತು. ಆಗ ಎಲ್ಲ ನಿಲ್ಲಿಸಿ ಅದನ್ನು ಮತ್ತೆ ಉದ್ದುದ್ದಕ್ಕೆ ಸಾಣೆ ಹಿಡಿಯಬೇಕು. ಎಡಗೈ ಬೆರಳುಗಳು ಫಿಲ್ಲರ್ ಕಡ್ಡಿಯನ್ನು ಮುಂದೆ ಮುಂದೆ ಸರಿಸುವುದನ್ನು ಮರೆತು ಮುಷ್ಟಿ ಕಟ್ಟುತ್ತಿದ್ದವು. ಅದಕ್ಕೆ ಅವಳು ಉಣ್ಣುವಾಗಲೂ ಎಡಗೈಯಲ್ಲಿ ಪೆನ್ಸಿಲು ಹಿಡಿದು ಬೆರಳಿಂದ ಬೆರಳಿಗೆ ಸರಿಸುತ್ತ ಕೂರತೊಡಗಿದಳು. ಪೆಡಲಿನ ಲಯವನ್ನು ಅವ್ವನ ಹೊಲಿಗೆ ಮಶೀನಿನ ಮೇಲೆ ಕಾಲಿಟ್ಟು ಅಭ್ಯಾಸ ಮಾಡಿದಳು. ಅಜ್ಜನ ತಲೆಯ ಮೇಲಿನ ಫ್ಯಾನಿನ ಗಾಳಿ ಆರ್ಗಾನಿನ ಕೊಡೆಯನ್ನು ಹಾರಿಸಿಕೊಂಡು ಹೋಗುತ್ತದೆಂದು ಗೊತ್ತಾಗಿ ಫ್ಯಾನು ಬಂದಾಯಿತು. ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿಗೆ ಬಾಗಿಲಿಗೊಂದು ತಾಡಪತ್ರಿ ಬಿತ್ತು. ಬೆವರುತ್ತ ಕೂತ ಅಜ್ಜ, ಇಷ್ಟು ನಾಜೂಕಿನ ಎತ್ತನ್ನು ತಾನು ಕಂಡಿಲ್ಲ ಎಂದು ಗೊಣಗಿದ. ಅಡುಗೆಮನೆಯ ನೆಗ್ಗಿದ ತಾಟು, ಲೋಟಗಳೆಲ್ಲ ಅಭ್ಯಾಸಕ್ಕೆ ಬಲಿಯಾದವು. ಬಾಯಿಗೆ ಬಾಯಿ ಕೂಡಿಸಿ ಬೆಸೆದ ಎರಡು ಲೋಟಗಳನ್ನು ಅಜ್ಜ ಎರಡೂ ಕಡೆ ತಿರುವಿ ನೋಡಿ, ಇದರಲ್ಲಿ ನೀರು ಕುಡಿಯುವುದು ಹೇಗೆಂದು ಗಂಭೀರವಾಗಿ ಕೇಳಿದ.

ಇಷ್ಟರಲ್ಲಿ ರಂಜಿಗೆ ಒಂದು ವಿಚಿತ್ರ ಕಾಣತೊಡಗಿತು. ಮಧ್ಯಾಹ್ನದ ಮೇಲೆ ಅವಳ ಬೆಸುಗೆ ಚೆನ್ನಾಗಿಯೇ ಬರುತ್ತಿತ್ತು. ಒಂದರ ಮೇಲೊಂದು ಒರಗಿದ ಪುಟ್ಟ ಅಲೆಗಳು, ಮೇಲೆ ಬಂಗಾರದ ಛಾಯೆ, ಅಂಚಿಗೆ ನಸುನೀಲಿ. ಮುಂಜಾನೆ ಮಾತ್ರ ಅದೇ ಕೈ, ಅದೇ ಮಶೀನು, ಅದೇ ತಗಡು. ಹನಿ ಚಿಟಪಟ ಸಿಡಿದು, ಬುರುಬುರು ಉಬ್ಬಿ, ತೂತು ತೂತಾಗಿ ಕರ್ರಗೆ ಕೂತುಬಿಡುತ್ತಿತ್ತು. ಗ್ಯಾಸು ಏರಿಸಿ ನೋಡಿದಳು, ಇಳಿಸಿ ನೋಡಿದಳು. ಟಾರ್ಚಿನ ಮೂತಿ ಬದಲಿಸಿದಳು. ಸೋಮವಾರ ಬಂತೆಂದರೆ ಎಲ್ಲ ದಿನಕ್ಕಿಂತ ಹದಗೆಟ್ಟ ಬೆಸುಗೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ತರ್ಕ. ಮುಂಜಾನೆ ಮಗ್ಗಗಳೆಲ್ಲ ಶುರುವಾಗಿ ಕರೆಂಟು ತೂಗಾಡುತ್ತದೆ ಅಂದ ಅಪ್ಪ. ನಮ್ಮ ಓಣಿಯ ಮಗ್ಗ ಕೈಯಿಂದ ನೇಯುವುದು ಎಂದು ನೆನಪಾಗಿ ತಾನೇ ಸುಮ್ಮನಾದ. ಮುಂಜಾನೆ ಕಾಲು ಜಾಡಿಸುವ ಎತ್ತುಗಳೂ ಇರುತ್ತವೆ, ಅಂಥದನ್ನು ಇಟ್ಟುಕೊಳ್ಳಬಾರದು ಅಂದ ಅಜ್ಜ. ಆಯಿಯ ತರ್ಕ ಬೇರೆ. ಮಶೀನಿಗೆ ಯಾರದೋ ದೃಷ್ಟಿ ತಾಗಿದೆಯೆಂದು ಮನಸ್ಸಿನಲ್ಲೇ ಖಚಿತ ಮಾಡಿಕೊಂಡು ಪೂಜೆ ಹೆಚ್ಚಿಸಿದಳು. ಪೂಜೆ ಹೆಚ್ಚಿದಂತೆ ಮಶೀನಿನ ಮುಂಜಾನೆಯ ಜಡ್ಡೂ ಹೆಚ್ಚಿತು. ಜಡ್ಡು ಹೆಚ್ಚಿದಂತೆ ಆಯಿಯ ಕಾಳಜಿಯೂ ಹೆಚ್ಚಿತು.

ಆ ನಡುವೆ ಲಕ್ಷ್ಮೇಶ್ವರದಲ್ಲಿರುವ ತಂಗಿಯ ಮನೆಯಿಂದ ಕರೆ ಬಂದು ಆಯಿ ಹೋದಳು. ಅವಳು ಹೋದ ಮರುದಿನ ಮುಂಜಾನೆ ರಂಜಿ ಟಾರ್ಚು ಹಿಡಿದರೆ ಬೆಸುಗೆ ಬೆಣ್ಣೆಯ ಹಾಗೆ ಹರಿಯಿತು. ಅದರ ಮರುದಿನವೂ ಹಾಗೇ. ಸೋಮವಾರವೂ ಹಾಗೇ. ಕೈ ಕುದುರಿತು, ರಾಜಕುಮಾರ ಒಲಿದ ಎಂದು ರಂಜಿ ಹಿಗ್ಗಿ ಹನಮಂತವ್ವನಿಗೆ ಫೋನು ಮಾಡಿ ಡ್ರಮ್ಮು ತರಲು ಹೇಳಿದಳು. ಹನಮಂತವ್ವ ನಾಳೆಯೇ ಬರುತ್ತೇನೆ ಅಂದಳು. ಅದೇ ಸಂಜೆ ಆಯಿ ಲಕ್ಷ್ಮೇಶ್ವರದಿಂದ ಬಂದಿಳಿದಳು. ಇಷ್ಟು ದಿನ ಮಶೀನಿಗೆ ಒಂದು ಎಳೆ ವಿಭೂತಿ ಹಚ್ಚುವವರೂ ಮನೆಯಲ್ಲಿ ಇರಲಿಲ್ಲವೇ ಎಂದು ಎಲ್ಲರನ್ನೂ ಬೈದು, ಬಾಕಿ ಉಳಿದದ್ದನ್ನೆಲ್ಲ ಮುಂಜಾನೆ ತೀರಿಸುವುದಾಗಿ ಹೇಳಿ ಮಲಗಿದಳು.

ಮುಂಜಾನೆ ಹನಮಂತವ್ವ ಬಂದಳು. ಅಜ್ಜ ಕುರ್ಚಿ ಎಳೆದುಕೊಂಡು ಕೂತ. ಅಪ್ಪ ಗ್ರಿಲ್ಲು ಬಿಟ್ಟು ಬಂದು ನಿಂತ. ರಂಜಿ ಸೀಳಿದ ಜಾಗವನ್ನು ಬ್ರಶ್ಶಿನಿಂದ ತಿಕ್ಕಿ ಹೆಲ್ಮೆಟ್ಟು ಇಳಿಸಿ ಪೆಡಲು ಒತ್ತಿದಳು. ಹನಿ ಮೂಡಿತು. ಫಿಲ್ಲರ್ ಕಡ್ಡಿ ಮುಟ್ಟಿಸಿದಳು. ಹನಿ ಕೆಮ್ಮಿದ ಹಾಗೆ ಸಿಡಿಯಿತು. ಮತ್ತೆ ಮುಟ್ಟಿಸಿದಳು, ಬುರುಗು. ಗಾಬರಿಯಲ್ಲಿ ಕಾಲು ಪೆಡಲನ್ನು ಪೂರ್ತಿ ಒತ್ತಿಬಿಟ್ಟಿತು, ತೆಳು ತಗಡು ಕಣ್ಣೆದುರೇ ಬಾಯಿ ತೆರೆಯಿತು.

ಹನಮಂತವ್ವ ತೂತಿನಲ್ಲಿ ಕಿರುಬೆರಳು ತೂರಿಸಿ ನೋಡಿದಳು, ಹೋಯಿತು. ಉಂಗುರದ ಬೆರಳು ತೂರಿಸಿದಳು, ಅದೂ ಹೋಯಿತು.

"ಬರುವಾಗ ಬಟ್ಟಲ ಸಾಕಾಗತಿತ್ತು," ಅಂದಳು. "ಇನ್ನ ಮ್ಯಾಲ ಕೊಡಾ ಇಡಬೇಕು."

ಬೈದಿದ್ದರೆ ರಂಜಿಗೆ ಇಷ್ಟು ಉರಿಯುತ್ತಿರಲಿಲ್ಲ. ಅಮಾಸಿಯ ಮುಂಜಾನೆ ಬರುತ್ತೇನೆ, ಅಷ್ಟರಲ್ಲಿ ಆದರೆ ಆತು, ಆಗದಿದ್ದರೆ ಗುಜರಿಗೆ ಹಾಕುತ್ತೇನೆ ಎಂದು ಡ್ರಮ್ಮು ಬಿಟ್ಟು ಹನಮಂತವ್ವ ಹೋದಳು. ಅಜ್ಜ ಎದ್ದು ಹೆಗಲಿಗೆ ಟವೆಲು ಹಾಕಿಕೊಂಡ. ಅಮಾಸಿಗೆ ಲಾಡಸಾಬನಿಗೆ ಹೇಳಿ ಕಳಿಸಬೇಕಾಗುತ್ತದೆ ಅಂದ, ಮೆಲ್ಲಗೆ. ಅಪ್ಪ ಹೋಗಿ ಮಶೀನು ನಿಂತ ಜಾಗದ ಅಗಲವನ್ನು ಕಣ್ಣಲ್ಲೇ ಅಳೆದ.

ಎಲ್ಲರೂ ಹೋದ ಮೇಲೆ ರಂಜಿ ನೆಲಕ್ಕೆ ಕೂತಳು. ಅಳು ಬಂದಿತ್ತು. ಕೈಯಲ್ಲಿ ಇನ್ನೂ ಇದ್ದ ಫಿಲ್ಲರ್ ಕಡ್ಡಿಯನ್ನು ಸುಮ್ಮನೆ ತನ್ನ ಕರಿ ಕುರ್ತಾದ ತೋಳಿಗೆ ಉಜ್ಜಿದಳು. ತೋಳಿನ ಮೇಲೆ ಬಿಳಿ ಗೆರೆ ಮೂಡಿತು. ಮೂಗಿಗೆ ಹಿಡಿದಳು. ದೇವರ ಜಗಲಿಯ ವಾಸನೆ.

ಎದ್ದು ಕಡ್ಡಿಗಳ ಡಬ್ಬಿ ಸುರುವಿದಳು. ಒಂದೊಂದಕ್ಕೂ, ತುದಿಯಿಂದ ಬುಡದವರೆಗೆ, ನಯವಾಗಿ, ಅಕ್ಕರೆಯಿಂದ ವಿಭೂತಿ. ಟಾರ್ಚಿನ ಮೂತಿಗೂ ವಿಭೂತಿ. ಒಳಗಿನ ಟಂಗ್‌ಸ್ಟನ್ನಿಗೂ ಒಂದು ಬೊಟ್ಟು. ಈಗ ರಂಜಿಗೆ ಎಲ್ಲ ಹೊಳೆಯಿತು. ಮುಂಜಾನೆ ಹಚ್ಚಿದ್ದು ಮಧ್ಯಾಹ್ನದ ಹೊತ್ತಿಗೆ ಅವಳ ಕೈಗವಸಿಗೆ ಒರೆಸಿಹೋಗುತ್ತಿತ್ತು. ಸೋಮವಾರ ಶಿವನ ವಾರ, ಅವತ್ತು ಆಯಿ ಧಾರಾಳಿ. ಟಿಗ್ಗಿಗೆ ಎಣ್ಣೆಯ ಬೆರಳಚ್ಚೂ ಆಗದು, ಬೆವರ ಹನಿಯೂ ಆಗದು. ಇನ್ನು ಇಷ್ಟು ಬೂದಿ ಆದೀತೇ?

ಆದರೆ ಗೊತ್ತಾದದ್ದೇ ಹೊಸ ಕಷ್ಟವಾಯಿತು. ಹೇಳದಿದ್ದರೆ ಮಶೀನು ಹೋಗುತ್ತದೆ. ಹೇಳಿದರೆ? ಮೊಮ್ಮಗಳ ಕೆಲಸ ಹಸನಾಗಲಿ ಎಂದು ಒದ್ದೆ ಸೀರೆಯಲ್ಲಿ ನಿಂತು ಒಂದೊಂದೇ ಕಡ್ಡಿಗೆ ವಿಭೂತಿ ಹಚ್ಚಿದವಳಿಗೆ, ನೀನೇ ಕೆಡಿಸಿದ್ದು ಎಂದು ಹೇಗೆ ಹೇಳುವುದು? ಕಡ್ಡಿಗಳನ್ನು ಗುಟ್ಟಾಗಿ ಒರೆಸಿಟ್ಟುಕೊಳ್ಳೋಣವೆಂದರೆ ಆಯಿಯ ಕಣ್ಣು ತಪ್ಪಿಸಿ ಆ ಮನೆಯಲ್ಲಿ ಯಾರೂ ಒಂದು ಬೆಲ್ಲದ ಚೂರನ್ನೂ ಬಾಯಿಗೆ ಹಾಕಿಕೊಂಡದ್ದಿಲ್ಲ. ಕೊನೆಗೆ ರಂಜಿಗೆ ತನಗೆ ಬಂದ ಒಂದೇ ದಾರಿ ಹೊಳೆಯಿತು. ಕಥೆಯಲ್ಲಿ ಸುತ್ತಿ ಹೇಳುವುದು.

ಆಯಿ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ರಂಜಿ ಪಕ್ಕಕ್ಕೆ ಕೂತು ಶುರು ಮಾಡಿದಳು. ಒಂದು ಊರಲ್ಲಿ ಆರ್ಗಾನ ಅಂತ ಒಬ್ಬ ರಾಜಕುಮಾರ. ಅವನು ಯಾರನ್ನೂ ಮುಟ್ಟುವುದಿಲ್ಲ, ಯಾರ ಜೊತೆಗೂ ಮಾತಾಡುವುದಿಲ್ಲ, ಒಂದು ಮಿನುಗುವ ಕೊಳದ ಸುತ್ತ ಕಾವಲು ನಿಂತಿರುತ್ತಾನೆ. ಆ ಕೊಳಕ್ಕೆ ಒಂದು ಕಣ ಧೂಳು ಬಿದ್ದರೂ—

"ಕೆಲಸಾ ಮಾಡಂಗಿಲ್ಲ, ಮಾತಾಡಂಗಿಲ್ಲ, ಸುಮ್ಮನ ನಿಂದರತಾನ," ಅಂದಳು ಆಯಿ, ಮೊರ ಕೇರುತ್ತಲೇ. "ಅಂಥವನ ಕಥಿ ಯಾರ ಕೇಳತಾರ? ಇದರಾಗ ರಾಕ್ಷಸ ಯಾರು?"

ರಂಜಿ ತನ್ನ ಕಥೆಯಲ್ಲೇ ಸಿಕ್ಕಿಬಿದ್ದಳು. ರಾಕ್ಷಸ ಎಲ್ಲಿದ್ದಾನೆಂದು ಹೇಳಲು ಹೋದರೆ ಅವನ ಕೈಯಲ್ಲಿ ವಿಭೂತಿ ಗಟ್ಟಿ ಇಡಬೇಕಾಗುತ್ತದೆ.

ಆಯಿ ಮೊರ ಕೆಳಗಿಟ್ಟಳು. "ಕಥಿ ಹೇಳಿಕೋತ ನಿನಗ ಔಷಧ ಕುಡಿಸಿದಾಕಿ ನಾನು. ಒಳಗ ಕಹಿ ಏನಿಟ್ಟಿ, ಅದನ್ನ ಮೊದಲ ತಗಿ."

"ಆಯಿ, ನೀ ಕಡ್ಡಿಗೆ ವಿಭೂತಿ ಹಚ್ಚತೀಯಲ್ಲಾ, ಅದಕ್ಕ ವೆಲ್ಡಿಂಗ್ ಕೆಡಾಕತ್ತೇತಿ."

ಹೇಳಿಬಿಟ್ಟು ಅವಳು ನೆಲ ನೋಡಿದಳು. ಆಯಿ ಜೋಳದಲ್ಲಿ ಒಂದು ಕಲ್ಲು ಹುಡುಕಿ ತೆಗೆದಳು, ಇನ್ನೊಂದು ಹುಡುಕಿದಳು.

"ವಿಭೂತಿಗೆ ಯಾರನರ ಕೆಡಸೋ ಬುದ್ಧಿ ಇರತೈತೇನು?"

"ಇಲ್ಲ ಆಯಿ. ಅದರದೇನೂ ತಪ್ಪಿಲ್ಲ, ನಿಂದೂ ಇಲ್ಲ. ಆ ಉರಿಗೆ ಏನೂ ಸೇರಂಗಿಲ್ಲ. ನನ್ನ ಬೆವರ ಬಿದ್ರೂ ಹಂಗ ಸಿಡೀತೈತಿ."

ಆಯಿ ಎದ್ದು ಸೆರಗು ಸಿಕ್ಕಿಸಿಕೊಂಡಳು. "ತೋರಸು."

ಅಂಗಡಿಯಲ್ಲಿ ಅಪ್ಪನ ಹೆಲ್ಮೆಟ್ಟನ್ನು ಆಯಿಯ ತಲೆಗೆ ಕೂರಿಸಿದಾಗ ಅವಳು ಯಾವುದೋ ಬಯಲಾಟದ ಪಾತ್ರದ ಹಾಗೆ ಕಂಡಳು. ನಗುವ ಧೈರ್ಯ ಮಾತ್ರ ರಂಜಿಗೆ ಇರಲಿಲ್ಲ. ಒಂದು ತಾಟಿನ ಚೂರಿನ ಮೇಲೆ ಮೊದಲು ಆಯಿ ಹಚ್ಚಿದ್ದ ಕಡ್ಡಿಯಿಂದಲೇ ಒಂದು ಗೇಣು ಬೆಸುಗೆ ಎಳೆದಳು. ಸಿಡಿಯಿತು, ಉಬ್ಬಿತು, ಕರ್ರಗಾಯಿತು. ಆಮೇಲೆ ಟಂಗ್‌ಸ್ಟನ್ನನ್ನು ಸಾಣೆ ಹಿಡಿದು, ಇನ್ನೊಂದು ಕಡ್ಡಿಯನ್ನು ಅಸಿಟೋನಿನಲ್ಲಿ ಅದ್ದಿದ ಬಿಳಿ ಅರಿವೆಯಿಂದ ಒರೆಸಿ ಅದರ ಪಕ್ಕಕ್ಕೇ ಎಳೆದಳು. ಸದ್ದಿಲ್ಲದೆ ಹನಿ ಹನಿಗೆ ಕೂಡಿ ಸಾಲಾಯಿತು.

ಹೆಲ್ಮೆಟ್ಟು ತೆಗೆದ ಆಯಿ ಎರಡನ್ನೂ ಬೆರಳಾಡಿಸದೆ ಬಾಗಿ ನೋಡಿದಳು. ಒಂದು ಹಂಚಿನ ಮೇಲೆ ಸೀದ ರೊಟ್ಟಿ. ಇನ್ನೊಂದು ಬೆಟಗೇರಿ ಸೀರೆಯ ಅಂಚು.

"ಅಂದ್ರ ಇಷ್ಟ ದಿನಾ ನಾನ—" ಅಂದು ಅರ್ಧಕ್ಕೆ ನಿಲ್ಲಿಸಿದಳು.

ರಂಜಿ ಆಯಿಯ ಕೈ ಹಿಡಿಯಹೋದಳು. ಆಯಿ ಕೈ ಬಿಡಿಸಿಕೊಂಡು, ಆ ಉದ್ದನೆಯ ಸ್ವಾಮಿಯನ್ನು ತೋರಿಸಿದಳು. ಅಂದರೆ ಗ್ಯಾಸಿನ ಸಿಲಿಂಡರು.

"ಅವಗ ಹಚ್ಚಿದ್ರ?"

"ಅವಗ ಎಷ್ಟರ ಹಚ್ಚು. ಏನೂ ಆಗಂಗಿಲ್ಲ."

"ಹಂಗಾರ ಇದು ಮಡಿ ಕೆಲಸ ಅನ್ನು," ಅಂದಳು ಆಯಿ, ಸಮಾಧಾನದ ಒಂದು ಉಸಿರು ಬಿಟ್ಟು. "ಮೊದಲ ದಿನಾನ ಹೇಳಬೇಕಿಲ್ಲೋ ಹುಚ್ಚಿ. ಮಡಿ ಮಾಡೋದು ನನಗ ಕಲಿಸಬೇಕೇನು?" ಎರಡು ಹೆಜ್ಜೆ ಹೋಗಿ ತಿರುಗಿದಳು. "ನಿಮ್ಮಜ್ಜನ ಮುಂದ ಇದನ್ನ ಹೇಳಬ್ಯಾಡ. ಸಾಯೋತನಕಾ ಆಡಿಕೋತಾನ."

ಅವತ್ತಿನಿಂದ ಅಂಗಡಿಯ ಆ ಮೂಲೆಗೆ ಹೊಸ ಕಾನೂನು ಬಂದಿತು. ಕಡ್ಡಿಗಳಿಗೆ ಮುಚ್ಚಳದ ಪೈಪು. ಒರೆಸುವ ಅರಿವೆ ಬೇರೆ, ಅದನ್ನು ಒಗೆದು ಆಯಿಯೇ ನೆರಳಲ್ಲಿ ಒಣಗಿಸುತ್ತಿದ್ದಳು. ಗ್ರೀಸಿನ ಕೈಯಲ್ಲಿ ಟಾರ್ಚು ಸರಿಸಲು ಬಂದ ಕೊಟ್ರಪ್ಪನನ್ನು ಅವಳು ಬಾಗಿಲಾಚೆಗೆ ದಬ್ಬಿದಳು. ಅಡಿಕೆ ಅಗಿಯುತ್ತ ಬಂದ ಅಜ್ಜನಿಗೆ ತಾಡಪತ್ರಿಯ ಈಚೆಗೆ ಕೂರುವ ಅಪ್ಪಣೆಯಿರಲಿಲ್ಲ. ರಂಜಿ ಕೂಡ ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಕೈಯನ್ನು ಎರಡು ಸಲ ತೊಳೆದು ತೋರಿಸಬೇಕು. ಐಟಿಐಯ ಮಾಸ್ತರರು ಇಡೀ ವರ್ಷ ಹೇಳಿ ಸೋತದ್ದನ್ನು ಆಯಿ ಎರಡು ದಿನದಲ್ಲಿ ಮಾಡಿಸಿದಳು. ಸಿಲಿಂಡರು ಮಾತ್ರ ತಲೆಯಿಂದ ಪಾದದವರೆಗೆ ವಿಭೂತಿ ಹಚ್ಚಿಕೊಂಡು ಬೆಳ್ಳಗೆ ನಿಂತಿತ್ತು.

ಅಮಾಸಿಯ ಹಿಂದಿನ ದಿನ ರಂಜಿ ಡ್ರಮ್ಮು ಕೈಗೆ ತೆಗೆದುಕೊಂಡಳು. ಒಳಗೆ ವರ್ಷಗಳ ಚಹಾ ಕರೆಗಟ್ಟಿತ್ತು; ಅದು ಪೂರ್ತಿ ಹೋಗುವವರೆಗೆ ತಿಕ್ಕಿದಳು. ಬಾಯಿ ತೆರೆದ ತೂತನ್ನು ದುಂಡಗೆ ಕತ್ತರಿಸಿ, ತಾಟಿನ ತಗಡಿನಿಂದ ಅಷ್ಟೇ ಅಳತೆಯ ಬಿಲ್ಲೆ ತೆಗೆದು, ಅರದಿಂದ ಅಂಚು ಉಜ್ಜಿ ಕೂರಿಸಿದಳು. ನಡುವೆ ಉಗುರು ಹೋಗುವಷ್ಟೂ ಸಂದು ಬಿಡಲಿಲ್ಲ. ಒಳಮೈ ಗಾಳಿಗೆ ಕೆಡದಿರಲೆಂದು ಡ್ರಮ್ಮಿನ ಬಾಯಿಗೆ ಪಟ್ಟಿ ಸುತ್ತಿ, ಒಂದು ಸಣ್ಣ ನಳಿಕೆಯಿಂದ ಆರ್ಗಾನನ್ನು ಒಳಗೂ ಇಳಿಸಿದಳು. ನಾಲ್ಕು ಕಡೆ ಸಣ್ಣ ಟಾಕಾ ಹಾಕಿ ನಿಲ್ಲಿಸಿಕೊಂಡಳು. ಕುರ್ಚಿಯ ಮೇಲೆ ಮೊಣಕೈ ಊರಿದಳು. ಪೆಡಲನ್ನು ಒತ್ತಲಿಲ್ಲ, ಬೆಕ್ಕಿನ ಬೆನ್ನು ಸವರಿದ ಹಾಗೆ ಮುಟ್ಟಿದಳು. ತಗಡು ಕೆಂಪೇರಿ, ಹೊಳೆದು, ಕನ್ನಡಿಯಂಥ ಒಂದು ಕಣ್ಣು ತೆರೆಯಿತು. ಆ ಕಣ್ಣು ಎಷ್ಟಗಲವಿದೆಯೋ ಅಷ್ಟೇ ಇರಲಿ ಎಂದು ಕಾಲನ್ನು ಬಿಟ್ಟೂ ಬಿಡದೆ, ಒತ್ತಿಯೂ ಒತ್ತದೆ ಮುಂದೆ ಸರಿದಳು. ಕಡ್ಡಿ ಮುಟ್ಟಿಸು, ತೆಗೆ, ಸರಿ. ಮುಟ್ಟಿಸು, ತೆಗೆ, ಸರಿ. ಅವತ್ತು ಅವಳ ತಲೆಯಲ್ಲಿ ಯಾವ ರಾಜಕುಮಾರನೂ ಇರಲಿಲ್ಲ. ಆ ಕಣ್ಣೊಂದೇ ಇತ್ತು. ತಾಡಪತ್ರಿಯ ಬಳಿ ಆಯಿ ಕೈಕಟ್ಟಿ ನಿಂತಿದ್ದಳು. ಗಾಳಿ ಬಂದಾಗೆಲ್ಲ ತನ್ನ ಮೈಯನ್ನೇ ಅಡ್ಡ ಇಟ್ಟಳು.

ಅಮಾಸಿಯ ಮುಂಜಾನೆ ಅಜ್ಜ ಅಂಗಳದಲ್ಲಿ ಕೂತು ಪೂಜೆಗೆ ಎರೆಮಣ್ಣಿನ ಎತ್ತು ಮಾಡುತ್ತಿದ್ದಾಗ ಹನಮಂತವ್ವ ಬಂದಳು. ಯಾರ ಮಾತನ್ನೂ ಕೇಳದೆ ಡ್ರಮ್ಮನ್ನು ಕಟ್ಟೆಯ ಮೇಲಿಟ್ಟು ಕಂಠದವರೆಗೆ ನೀರು ತುಂಬಿಸಿದಳು. ಕೆಳಗೆ ಒಂದು ಹಾಳೆ ಹಾಸಿದಳು. ತಾನು ತಂದ ಬುತ್ತಿ ಬಿಚ್ಚಿ ರೊಟ್ಟಿ ತಿಂದಳು. ತಿಂದು, ಕೈ ತೊಳೆದು, ಆಯಿಯ ಜೊತೆ ಮುಂಡರಗಿಯ ಸುದ್ದಿಯೆಲ್ಲ ಮುಗಿಸಿ, ಆಮೇಲೆ ಬಂದು ಹಾಳೆ ಎತ್ತಿ ಬೆಳಕಿಗೆ ಹಿಡಿದಳು. ಒಣ ಹಾಳೆ. ಬೆಸುಗೆಯ ಸುತ್ತ ಬೆರಳಾಡಿಸಿದಳು. ಬಿಲ್ಲೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಬೆರಳಿಗೆ ತಿಳಿಯಲಿಲ್ಲ, ಕಣ್ಣಿಗೆ ಮಾತ್ರ ಒಂದು ಬಂಗಾರದ ಬಳೆ ಕಂಡಿತು.

"ಡ್ರಮ್ಮಿಗೆ ಬಳಿ ತೊಡಸೀಯಲ್ಲವಾ," ಅಂದಳು ಹನಮಂತವ್ವ. "ಇದರ ಮ್ಯಾಲ ಮಸಿ ಕೂಡ್ರಸಾಕ ಮನಸ ಬರಂಗಿಲ್ಲ ನನಗ." ಅಷ್ಟು ಹೇಳಿ, ಬಸ್ಸಿನ ಹೊತ್ತಾಯಿತೆಂದು ನೀರು ಚೆಲ್ಲಿ ಡ್ರಮ್ಮು ಹೊತ್ತು ನಡೆದಳು. ಕೊಟ್ರಪ್ಪ ಅವಳ ಹಿಂದೆಯೇ ಬಾಗಿಲವರೆಗೆ ಹೋಗಿ ಆ ಬೆಸುಗೆಯನ್ನು ಮತ್ತೊಮ್ಮೆ ನೋಡಿ ಬಂದ. ಬಂದವನು ತನ್ನ ಕಡ್ಡಿ ಮಶೀನನ್ನು ಒಂದು ಮೊಳ ಆಚೆಗೆ ಎಳೆದು ಮಗಳ ಮೂಲೆಯನ್ನು ಅಷ್ಟು ಅಗಲ ಮಾಡಿದ.

ಅಜ್ಜ ಮಣ್ಣಿನ ಕೈಯಲ್ಲೇ ಲಾಡಸಾಬನಿಗೆ ಫೋನು ಹಚ್ಚಿಸಿದ. ಎಳೆಯಿತು ಎಂದು ಒಂದೇ ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹುಟ್ಟಾ ದಲಾಲಿಗೆ ಅದು ಹೇಗೆ ಸಾಧ್ಯ? ಎಳೆಯುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಮುಂಜಾನೆ ಸ್ವಲ್ಪ ಮೊಂಡುತನ ಕಂಡಿತ್ತು, ಗಾಳಿ ತಡೆಯುವುದಿಲ್ಲ, ಫ್ಯಾನಿನ ಸುಖವೂ ತಪ್ಪಿತು, ಹೀಗಾಗಿ ಮಾತಾಡಿದ್ದರಲ್ಲಿ ಇನ್ನೊಂದು ಬೆರಳು ಕಡಿಮೆ ಮಾಡಿದರೆ ಇಟ್ಟುಕೊಳ್ಳುತ್ತೇವೆ, ಇಲ್ಲವಾದರೆ ಹೊಡೆದುಕೊಂಡು ಹೋಗು ಅಂದ. ಆ ಕಡೆಯಿಂದ ಲಾಡಸಾಬ, ಹಂಗಾರ ಅನೀಸನ್ನ ಗಾಡಿ ತಗೊಂಡು ಕಳಸತೇನಿ ಅಂದ. ಅವನೂ ದಲಾಲಿಯೇ. ಅಜ್ಜ ಕಳಸು ಅಂದ. ಈ ಇಬ್ಬರ ಹಟದಲ್ಲಿ ಮಶೀನು ಖರೆನೇ ಗಾಡಿ ಏರುವ ಹಾಗಿತ್ತು.

ಆಯಿ ಒಳಗಿನಿಂದ ಬಂದು ಅಜ್ಜನ ಕೈಯಿಂದ ಫೋನು ತೆಗೆದುಕೊಂಡಳು. ಅವನ ಕಿವಿಗೂ ಕೆನ್ನೆಗೂ ಹತ್ತಿದ ಮಣ್ಣನ್ನು ಒಮ್ಮೆ ನೋಡಿ, ಸೆರಗಿನಿಂದ ಫೋನು ಒರೆಸಿ, ಆಮೇಲೆ ಕಿವಿಗೆ ಹಿಡಿದಳು.

"ಲಾಡಸಾಬಣ್ಣಾ, ನಾ ಸಾವಿತ್ರೆವ್ವ. ಗಾಡಿ ಕಳಸಬ್ಯಾಡ್ರಿ. ಅದು ನಮ್ಮ ಮನಿದು."